ಒಂದು ಗುಟುಕು ಕಾಸ್ಟಿಕ್ ನೀರು

ನಾನು ಬೆಳೆದ ಮನೆಯಲ್ಲಿ ಊಟ ಎರಡು ಸರದಿಯಲ್ಲಿ ಆಗುತ್ತಿತ್ತು. ಮೊದಲನೆಯದು ನನ್ನದು, ಒಬ್ಬಳದೇ. ಅಡಿಗೆ ಮನೆಯ ಮೂಲೆಯಲ್ಲಿ ಕೂತು ಒಂದು ಬಟ್ಟಲು ಅಂಬಲಿಯನ್ನು ಮುಕ್ಕಾಲು ತಾಸು ಕುಡಿಯುತ್ತಿದ್ದೆ. ನಾನು ಎದ್ದು ಮುಂದಿನ ಖೋಲಿಗೆ ಹೋದ ಮೇಲೆ ಉಳಿದವರು ತಾಟು ಹಾಕಿಕೊಂಡು ಕೂರುತ್ತಿದ್ದರು. ರೊಟ್ಟಿ ಮುರಿಯುವ ಸಪ್ಪಳ ನನಗೆ ಕೇಳಬಾರದೆಂದು ಅವ್ವ ಬಾಗಿಲು ಮುಂದೆ ಮಾಡುತ್ತಿದ್ದಳು. ಆದರೆ ಒಣ ರೊಟ್ಟಿಯ ಸಪ್ಪಳ ಬಾಗಿಲಿಗೆಲ್ಲ ನಿಲ್ಲುವುದಿಲ್ಲ. ಅಪ್ಪನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತು, ಯಾರು ಈಗ ರೊಟ್ಟಿ ಮುರಿದರು, ಯಾರು ಉಳ್ಳಾಗಡ್ಡಿ ಕಡಿದರು ಎಂದು ಸಪ್ಪಳದ ಮೇಲೆಯೇ ಹೇಳಬಲ್ಲವಳಾಗಿದ್ದೆ. ತಮ್ಮ ಮಂಜು ಮಾತ್ರ ನಡುನಡುವೆ ಬಾಗಿಲು ಸರಿಸಿ ನನ್ನನ್ನು ನೋಡುತ್ತಿದ್ದ. ಅವನನ್ನು ಅವ್ವ ಒಳಗೆ ಎಳೆದುಕೊಳ್ಳುತ್ತಿದ್ದಳು. ಏಳನೆಯ ವಯಸ್ಸಿನಿಂದ ಹದಿನೈದನೆಯ ವಯಸ್ಸಿನವರೆಗೆ ನಾನು ಯಾರೂ ಉಣ್ಣುವುದನ್ನು ಎದುರಿಗೆ ಕೂತು ನೋಡಲಿಲ್ಲ.

ಮನೆ ರಾಣೆಬೆನ್ನೂರಿನ ನೇಕಾರ ಓಣಿಯಲ್ಲಿತ್ತು. ಒಂದರ ಹಿಂದೆ ಒಂದು ಮೂರು ಖೋಲಿ, ರೈಲಿನ ಡಬ್ಬಿಗಳ ಹಾಗೆ. ಮುಂದಿನದರಲ್ಲಿ ಅಪ್ಪನ ಕುಣಿ ಮಗ್ಗ, ಪಕ್ಕದಲ್ಲಿ ಅವ್ವ ಲಾಳಿಗೆ ಹಾಕುವ ನೂಲಿನ ಕಂಡಿಕಿ ಸುತ್ತುವ ರಾಟಿ. ನಡುವಿನದರಲ್ಲಿ ಹಾಸಿಗೆ, ಟ್ರಂಕು, ದೇವರು. ಕೊನೆಯದು ಅಡಿಗೆ ಮನೆ. ಅದರಾಚೆಯ ಹಿತ್ತಲು ಕಾಕಾನದು. ಕಾಕಾ ಎಂದರೆ ಅಪ್ಪನ ತಮ್ಮ. ನೂಲಿಗೆ ಬಣ್ಣ ಹಾಕುವುದು ಅವನ ಕೆಲಸ. ಅಪ್ಪನ ಮಗ್ಗಕ್ಕಲ್ಲದೆ ಓಣಿಯ ಐದಾರು ಮಗ್ಗಗಳಿಗೂ ಅವನೇ ಬಣ್ಣಗಾರ. ಅವನ ಹೆಂಡತಿ ನನ್ನ ಚಿಗವ್ವ. ಅವರಿಗೆ ಮಕ್ಕಳಿರಲಿಲ್ಲ, ನಾನಿದ್ದೆ. ನನ್ನ ಹೆಸರು ಸುವರ್ಣಾ ಎಂದಿದ್ದರೂ ಸುವ್ವಿ ಎಂದು ಕರೆದವಳು ಚಿಗವ್ವ. ಆಮೇಲೆ ಎಲ್ಲರೂ ಹಾಗೇ ಕರೆದರು. ತಲೆ ಬಾಚುವುದು, ಮೈ ತೊಳೆಯುವುದು, ತುತ್ತು ಮಾಡಿ ಬಾಯಿಗಿಡುವುದು ಎಲ್ಲ ಅವಳದೇ. ಅವ್ವ ರಾಟಿಯ ಮುಂದಿನಿಂದ ಏಳುವಂತಿರಲಿಲ್ಲ. ಕಂಡಿಕಿ ನಿಂತರೆ ಮಗ್ಗ ನಿಲ್ಲುತ್ತಿತ್ತು.

ನೀಲಿ ಬಣ್ಣ ಹಾಕುವ ದಿನ ಹಿತ್ತಲು ಬಿಟ್ಟು ಕದಲುತ್ತಿರಲಿಲ್ಲ ನಾನು. ಆ ಬಣ್ಣ ಬರೀ ನೀರಿನಲ್ಲಿ ಕರಗುವುದಿಲ್ಲ. ಕಾದ ಹಂಡೆಗೆ ಬಣ್ಣದ ಪುಡಿ ಹಾಕಿ, ಕಾಸ್ಟಿಕ್ ಸೋಡಾ ಕರಗಿಸಿ ಸುರಿದು, ಇನ್ನೊಂದು ಬಿಳಿ ಪುಡಿಯನ್ನೂ ಸೇರಿಸಿದರೆ ಹಂಡೆಯ ನೀರು ಹಳದಿ ಹಸಿರಾಗುತ್ತಿತ್ತು. ಅದರಲ್ಲಿ ಅದ್ದಿ ತೆಗೆದ ನೂಲಿನ ಲಡಿಯೂ ಮೊದಲು ಹಳದಿಯಾಗಿಯೇ ಇರುತ್ತಿತ್ತು. ಕಾಕಾ ಅದನ್ನು ಕೋಲಿಗೆ ಹಾಕಿ ಎತ್ತಿ ಹಿಡಿದರೆ, ಗಾಳಿ ತಾಗಿದಲ್ಲೆಲ್ಲ ಹಸಿರಾಗಿ, ನೋಡುನೋಡುತ್ತ ನೀಲಿಯಾಗುತ್ತಿತ್ತು. ಕಾಸ್ಟಿಕ್ ಬಿಳಿ ಚಕ್ಕೆಗಳಾಗಿ ಡಬ್ಬಿಯಲ್ಲಿರುತ್ತಿತ್ತು. ಮುಚ್ಚಳ ತೆರೆದಿಟ್ಟರೆ ಗಾಳಿಯಲ್ಲಿನ ಪಸೆ ಹೀರಿ ತಾನೇ ಒದ್ದೆಯಾಗುತ್ತಿತ್ತು. ತಣ್ಣೀರಿಗೆ ಹಾಕಿದರೆ, ಒಲೆ ಇಲ್ಲದೆಯೇ ಪಾತ್ರೆ ಕೈ ಹಿಡಿಯಲಾರದಷ್ಟು ಕಾಯುತ್ತಿತ್ತು. ಒಂದು ಸಲ ಕಾಕಾ ಅದನ್ನು ಅಲ್ಯೂಮಿನಿಯಂ ಮುಚ್ಚಳದ ಮೇಲೆ ಹನಿಸಿ ತೋರಿಸಿದ್ದ. ಬುಸುಬುಸು ನೊರೆ ಎದ್ದು, ಮುಚ್ಚಳ ತೂತು ಬಿದ್ದಿತ್ತು.

"ನೋಡಿದ್ರ ನೀರಿನಂಗ ಕಾಣತೈತಿ, ಸುವ್ವಿ. ಮುಟ್ಟಿದ್ರ ಜಾರತೈತಿ. ಯಾಕ ಜಾರತೈತಿ ಗೊತ್ತೇನು? ನಿನ್ನ ತೊಗಲಾಗಿನ ಜಿಡ್ಡ ತಿಂದು ಸಬಕಾರ ಮಾಡಾಕತ್ತಿರತೈತಿ."

ಕಾಕಾನ ಕೈಬೆರಳುಗಳು ಹಾಗೆ ತಿಂದು ತಿಂದು ನುಣ್ಣಗಾಗಿದ್ದವು. ನೇಕಾರರ ಸೊಸಾಯಿಟಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಗೆರೆಯೇ ಮೂಡದೆ ಬರೀ ಶಾಯಿಯ ಚುಕ್ಕೆ ಬೀಳುತ್ತಿತ್ತಂತೆ. ಬಣ್ಣ ಹಾಕಿದ ಲಡಿಯನ್ನು ಎಷ್ಟು ಸಲ ತೊಳೆಯಬೇಕೆಂದು ಹೇಳುವ ಕೆಲಸ ನನ್ನದು. ಅರಿಷಿಣ ಹಚ್ಚಿ ಒಣಗಿಸಿದ ಬಿಳಿ ಬಟ್ಟೆಯ ಚೂರುಗಳನ್ನು ಚಿಗವ್ವ ನನ್ನ ಲಂಗದ ಕಿಸೆಯಲ್ಲಿ ಇಟ್ಟಿರುತ್ತಿದ್ದಳು. ಲಡಿಯಿಂದ ಹಿಂಡಿದ ನೀರನ್ನು ಕಾಕಾ ಆ ಚೂರಿನ ಮೇಲೆ ಹನಿಸುತ್ತಿದ್ದ. ಅರಿಷಿಣ ಕೆಂಪಾದರೆ ನೂಲಿನಲ್ಲಿ ಇನ್ನೂ ಕಾಸ್ಟಿಕ್ ಉಳಿದಿದೆ ಎಂದರ್ಥ.

"ಕೆಂಪs ಆತು ಕಾಕಾ!" ಎಂದು ನಾನು ಕೂಗಿದರೆ ಅವನು ಮತ್ತೆ ಜಾಲಿಸುತ್ತಿದ್ದ. ಅರಿಷಿಣ ಅರಿಷಿಣವಾಗಿಯೇ ಉಳಿದ ಮೇಲೆ ಲಡಿ ಹಗ್ಗಕ್ಕೆ ಏರುತ್ತಿತ್ತು. ಹಗ್ಗದ ಕೆಳಗೆ ನಾನು ಚಿಗವ್ವ ಕೂತು ರೊಟ್ಟಿ ತಿನ್ನುತ್ತಿದ್ದೆವು, ಒಂದೇ ತಾಟಿನಲ್ಲಿ.

ಕಾಸ್ಟಿಕ್ ಕರಗಿಸಲಿಕ್ಕೆಂದೇ ಕೊರಳಿಗೆ ಸುತಳಿ ಕಟ್ಟಿದ ಒಂದು ತಂಬಗಿ ಬೇರೆ ಇತ್ತು. ಅದಕ್ಕೆ ಯಾರೂ ಬಾಯಿ ಹಚ್ಚುವಂತಿರಲಿಲ್ಲ. ನನಗೆ ಏಳು ವರ್ಷವಿದ್ದಾಗ ಒಂದು ದಿನ ಅದು ತಳದಲ್ಲಿ ಸೋರತೊಡಗಿತ್ತು. ಹಂಡೆ ಕಾದು ನಿಂತಿತ್ತು, ಕಾಕಾ ಅವಸರ ಮಾಡುತ್ತಿದ್ದ. ಚಿಗವ್ವ ಕುಡಿಯುವ ನೀರಿನ ತಂಬಗಿಯನ್ನೇ ಒಯ್ದು ಅದರಲ್ಲಿ ಕಾಸ್ಟಿಕ್ ಕರಗಿಸಿದಳು. ಅದು ಕೈ ಹಿಡಿಯುವಷ್ಟು ಆರಿ, ಇನ್ನೇನು ಹಂಡೆಗೆ ಸುರಿಯಬೇಕೆನ್ನುವಾಗ ಓಣಿಯಲ್ಲಿ "ನಳ ಬಂತು! ನಳ ಬಂತು!" ಎಂದು ಕೂಗು ಎದ್ದಿತು. ನಮ್ಮಲ್ಲಿ ಐದಾರು ದಿನಕ್ಕೊಮ್ಮೆ ನೀರು ಬರುತ್ತಿತ್ತು, ಬಂದರೂ ಎಷ್ಟು ಹೊತ್ತು ಇರುತ್ತದೆಂಬ ಖಾತ್ರಿ ಇರಲಿಲ್ಲ. ಅವ್ವನಿಗೆ ಎಂಟು ತಿಂಗಳು ತುಂಬಿತ್ತು, ಕೊಡ ಎತ್ತುವಂತಿರಲಿಲ್ಲ. ಕಾಕಾ ಲಡಿ ತರಲು ಮುಂದಿನ ಖೋಲಿಗೆ ಹೋಗಿದ್ದ. ಚಿಗವ್ವ ತಂಬಗಿಯನ್ನು ಹಿತ್ತಲ ಬಾಗಿಲ ಕಟ್ಟೆಯ ಮೇಲೆ ಇಟ್ಟು, ಎರಡು ಕೊಡ ಎತ್ತಿಕೊಂಡು ಓಡಿದಳು. ನಾನು ಓಣಿಯಲ್ಲಿ ಕುಂಟಾಟ ಆಡಿ ಬೆವೆತು ಬಂದೆ. ಕಟ್ಟೆಯ ಮೇಲೆ ನಮ್ಮ ನೀರಿನ ತಂಬಗಿ ಕಂಡಿತು. ಎತ್ತಿ ಕುಡಿದೆ.

ಮೊದಲು ಬಾಯಿ ಜಾರಿತು. ಸಬಕಾರ ಹಿಡಿದ ಕೈ ಜಾರುವ ಹಾಗೆ ನಾಲಿಗೆ, ವಸಡು, ತುಟಿ ಎಲ್ಲ ಜಾರಿದವು. ಆಮೇಲೆ ಕಹಿ. ಬೇಡ ಎಂದು ನಾಲಿಗೆಗೆ ತಿಳಿಯುವಷ್ಟರಲ್ಲಿ ಒಂದು ಗುಟುಕು ಇಳಿದಿತ್ತು. ಉರಿ ಆಮೇಲೆ ಬಂತು. ತಂಬಗಿ ಕೈಬಿಟ್ಟೆ, ಅದು ಕಟ್ಟೆಯಿಂದ ಉರುಳಿದ ಸದ್ದಿಗೆ ಅವ್ವ ಹೊಟ್ಟೆ ಹಿಡಿದುಕೊಂಡು ಬಂದಳು. ಚೆಲ್ಲಿದ ನೀರಿಗೆ ಬೆರಳು ಹಚ್ಚಿ ಉಜ್ಜಿ ನೋಡಿದಳು. ಅವಳ ಮುಖ ಆಗ ಹೇಗಾಯಿತೆಂದು ನನಗೆ ಚೆನ್ನಾಗಿ ನೆನಪಿದೆ.

"ಯವ್ವಾ, ಕಾಸ್ಟಿಕ್ ಕುಡದಾಳ! ಹೊರಗ ಬರಬೇಕು, ಎಲ್ಲಾ ಹೊರಗ ಬರಬೇಕು!"

ಉಪ್ಪಿನ ನೀರು ಕಲಸಿ ಕುಡಿಸಿದಳು. ತನ್ನ ಎರಡು ಬೆರಳನ್ನು ನನ್ನ ಗಂಟಲಿಗೆ ಇಳಿಸಿದಳು. ನಾನು ಕಾರಿಕೊಂಡೆ. ಮತ್ತೆ ಇಳಿಸಿದಳು, ಮತ್ತೆ ಕಾರಿಕೊಂಡೆ, ಈ ಸಲ ರಕ್ತ ಬಂತು. ಅವ್ವ ನನ್ನ ಬೆನ್ನು ಸವರುತ್ತ, "ಬಂತು ನೋಡು ನನ್ನವ್ವ, ಬಂತು, ಎಲ್ಲಾ ಹೋತು" ಎಂದು ಅಳುತ್ತಿದ್ದಳು. ಚಿಗವ್ವ ಕೊಡ ಹೊತ್ತು ಬಾಗಿಲಲ್ಲಿ ಬಂದು ನಿಂತಳು. ನನ್ನನ್ನು ನೋಡಿದಳು, ತಂಬಗಿಯನ್ನು ನೋಡಿದಳು. ಕೊಡ ಎರಡೂ ಅಲ್ಲೇ ಬಿದ್ದವು.

ಊರಿನ ಡಾಕ್ಟರು ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಅವ್ವ ಬರುವಂತಿರಲಿಲ್ಲ. ಅಪ್ಪ, ಚಿಗವ್ವ ನನ್ನನ್ನು ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಚಿಗವ್ವನ ತೊಡೆಯ ಮೇಲಿದ್ದೆ. ಅವಳ ಸೆರಗೆಲ್ಲ ನನ್ನ ಜೊಲ್ಲಿನಿಂದ ತೊಯ್ದಿತ್ತು, ಉಗುಳನ್ನೂ ನುಂಗಲು ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅಪ್ಪ ಔಷಧಿ ತರಲು ಕೆಳಗೆ ಹೋಗಿದ್ದಾಗ ಒಬ್ಬರು ಡಾಕ್ಟರಮ್ಮ ಬಂದು ಚಿಗವ್ವನನ್ನು ಕೇಳಿದರು.

"ಕುಡದ ಮ್ಯಾಲೆ ವಾಂತಿ ಮಾಡಿಸಿದ್ರೇನು?"

"ಹೌದ್ರಿ."

"ಯಾರು ಮಾಡಿಸಿದ್ದು?"

ಚಿಗವ್ವ ಸೆರಗಿನಿಂದ ನನ್ನ ಜೊಲ್ಲು ಒರೆಸಿದಳು. "ನಾನ ಮಾಡಿಸೇನ್ರಿ" ಎಂದಳು.

ಡಾಕ್ಟರಮ್ಮ ಅವಳನ್ನು ಬೈದರು. ಸುತ್ತಲಿನ ಮಂಚದವರೆಲ್ಲ ಹೊರಳಿ ನೋಡುವ ಹಾಗೆ ಬೈದರು. ಚಿಗವ್ವ ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವಳು ಮಾಡಿಸಿಲ್ಲ, ಅವ್ವ ಮಾಡಿಸಿದ್ದು ಎಂದು ಹೇಳಬೇಕೆಂದು ನನಗೆ ಅನಿಸಿತು. ಬಾಯಿ ಊದಿಕೊಂಡಿತ್ತು. ಅಪ್ಪ ಮರಳಿ ಬಂದಾಗ ಚಿಗವ್ವ ಅವನಿಗೂ ಏನೂ ಹೇಳಲಿಲ್ಲ. ವಾಂತಿ ಮಾಡಿಸಿದ್ದಕ್ಕೆ ಇಷ್ಟು ಯಾಕೆ ಬೈಯಬೇಕು, ಒಳ್ಳೆಯದೇ ಅಲ್ಲವೇ ಎಂದು ಏಳು ವರ್ಷದ ನನ್ನ ತಲೆಗೆ ಹೊಳೆದದ್ದು ಅಷ್ಟೇ. ಆಮೇಲೆ ಮರೆತೇ ಬಿಟ್ಟೆ.

ಮೊದಲ ಕೆಲವು ವಾರ ನನ್ನ ಹೊಟ್ಟೆಗೇ ಒಂದು ನಳಿಕೆ ಹಾಕಿದ್ದರು. ಮನೆಗೆ ಬಂದ ಮೇಲೂ ಅದರೊಳಗೆ ಹಾಲು, ಬೇಳೆಯ ತಿಳಿ ಹನಿಹನಿಯಾಗಿ ಹಾಕಿದವಳು ಚಿಗವ್ವ. ಹಾಕುವಾಗ ಆಕೆ, "ಇದು ಹಾಲು, ಸಕ್ಕರಿ ಹಾಕೇನಿ ನೋಡು, ಇದು ಬ್ಯಾಳಿ ಕಟ್ಟು, ಜೀರಗಿ ವಗ್ಗರಣಿ" ಎಂದು ಹೇಳುತ್ತಿದ್ದಳು. ರುಚಿ ನಾಲಿಗೆಗೆ ಸಿಗದಿದ್ದರೂ ಕಿವಿಗೆ ಸಿಗುತ್ತಿತ್ತು. ಈ ನಡುವೆ ಅವ್ವ ಹಡೆದಳು, ಮಂಜು ಹುಟ್ಟಿದ. ಬಾಣಂತಿಯ ಆರೈಕೆಯೂ ಚಿಗವ್ವನದೇ. ಇನ್ನೇನು ಗಾಯ ಮಾಯುತ್ತದೆ, ಸುವ್ವಿ ರೊಟ್ಟಿ ತಿನ್ನುತ್ತಾಳೆ ಎಂದು ಮನೆಯವರೆಲ್ಲ ಕಾದಿದ್ದರು. ಗಾಯ ಮಾಯಿತು, ಆದರೆ ಮಾಯುತ್ತ ಮಾಯುತ್ತ ಅನ್ನನಾಳ ಬಿಗಿದುಕೊಂಡಿತು. ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಡಾಕ್ಟರು, ದಾರಿ ನೂಲಿನಷ್ಟೇ ಉಳಿದಿದೆ, ಮತ್ತೆ ಮತ್ತೆ ಬಂದು ಹಿಗ್ಗಿಸಿಕೊಳ್ಳಬೇಕು, ಎಷ್ಟು ವರ್ಷವೋ ಹೇಳಲಾಗದು ಎಂದರಂತೆ. ಅಪ್ಪ ಮನೆಗೆ ಬಂದು ಮಗ್ಗದ ಮುಂದೆ ನಿಂತುಕೊಂಡೇ ಅದನ್ನು ಹೇಳಿದ. ಅವ್ವ ಮಂಜುವಿಗೆ ಹಾಲು ಕುಡಿಸುತ್ತ ಕೂತಿದ್ದಳು. ಚಿಗವ್ವ ಬಾಣಂತಿಯ ಅನ್ನದ ತಾಟು ತಂದು ಅವಳ ಮುಂದೆ ಇಡುತ್ತಿದ್ದಳು. ಅವ್ವ ಆ ತಾಟನ್ನು ಕಾಲಿನಿಂದ ಸರಿಸಿದಳು.

"ನನ್ನ ಮಗಳ ಗಂಟಲಾ ಸುಟ್ಟಾಕಿ ಕೈಲೆ ನಾ ಉಣ್ಣಂಗಿಲ್ಲ."

"ವೈನಿ, ಹಂಗನಬ್ಯಾಡ್ರಿ. ನಾ ಬೇಕಂತ ಇಟ್ಟಿಲ್ಲ..."

"ಬೇಕಂತನ ಇಟ್ಟಿ! ನಿನಗಿಲ್ಲ, ನನಗ ಎರಡನೇದ್ದು ಆಗತೈತಿ ಅಂತ ಹೊಟ್ಟಿಗೆ ಬೆಂಕಿ ಬಿದ್ದಿತ್ತು ನಿನಗ."

ಅಪ್ಪ "ಏ, ಸುಮ್ಮನಿರು" ಎಂದ. ಮಗ್ಗದ ಮೇಲೆ ಕೈ ಊರಿ ನಿಂತವನು ಅಲ್ಲಿಂದ ಕದಲಲಿಲ್ಲ. ಚಿಗವ್ವ ಬಾಯಿ ತೆರೆದಳು. ಅವಳು ಏನೋ ಹೇಳುತ್ತಾಳೆಂದು ನಾನು ಕಾದೆ. ಅವಳು ಅವ್ವನ ತೊಡೆಯ ಮೇಲಿದ್ದ ಕೂಸನ್ನು ನೋಡಿದಳು, ಬಾಯಿ ಮುಚ್ಚಿದಳು, ಚೆಲ್ಲಿದ ಅನ್ನವನ್ನು ಬಳಿದುಕೊಂಡು ಒಳಗೆ ಹೋದಳು. ಒಂದು ವಾರದಲ್ಲಿ ಕಾಕಾ ಹಂಡೆ ಇಳಿಸಿ ಬೋರಲು ಹಾಕಿದ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಗೋದಾಮಿನಲ್ಲಿ ಹಮಾಲಿ ಕೆಲಸ ಹುಡುಕಿಕೊಂಡಿದ್ದ. ಹೋಗುವ ದಿನ ಚಿಗವ್ವ ನನ್ನ ತಲೆ ಬಾಚಿದಳು. ಎಷ್ಟು ಹೊತ್ತು ಬಾಚಿದಳೆಂದರೆ ಕಾಕಾ ಬಾಗಿಲಲ್ಲಿ ನಿಂತು ಎರಡು ಸಲ ಕರೆಯಬೇಕಾಯಿತು. ನಾನು ಅವಳ ಸೆರಗು ಹಿಡಿಯಲಿಲ್ಲ, ಅಳಲಿಲ್ಲ. ಅವ್ವ ನೋಡುತ್ತಿದ್ದಳು. ಚಿಗವ್ವ ಕೆಟ್ಟವಳು ಎಂದು ಅವ್ವ ಹೇಳಿದ್ದಳು, ಅಷ್ಟೊತ್ತಿಗೆ ನಾನೂ ಅರ್ಧ ನಂಬಿದ್ದೆ.

ಹಿತ್ತಲಿನಲ್ಲಿ ಹಗ್ಗ ಮಾತ್ರ ಉಳಿಯಿತು. ಅಪ್ಪ ಬಣ್ಣ ಹಾಕಿದ ನೂಲನ್ನೇ ಪೇಟೆಯಿಂದ ತರತೊಡಗಿದ. ಮೂರು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಅವನು ನನ್ನನ್ನು ಬೆಳಗಿನ ಪ್ಯಾಸೆಂಜರಿಗೆ ಹತ್ತಿಸಿಕೊಂಡು ಹುಬ್ಬಳ್ಳಿಗೆ ಒಯ್ಯುತ್ತಿದ್ದ. ಅಪ್ಪನದು ಮಾತು ಕಡಿಮೆ. ಹಾವೇರಿ ಬಂದಾಗ "ಹಾವೇರಿ" ಎನ್ನುತ್ತಿದ್ದ, ಅಷ್ಟೇ. ಡಬ್ಬಿಯಲ್ಲಿ ಯಾರಾದರೂ ಬುತ್ತಿ ಬಿಚ್ಚಿದರೆ ಅವನು ಎದ್ದು ನನ್ನನ್ನು ಬಾಗಿಲ ಹತ್ತಿರ ಕರೆದೊಯ್ದು ನಿಲ್ಲಿಸುತ್ತಿದ್ದ. ತಾನು ಮಾತ್ರ ಸಂಜೆ ಮನೆಗೆ ಬರುವ ತನಕ ಒಂದು ಕಪ್ ಚಹಾ ಸಹ ಕುಡಿಯುತ್ತಿರಲಿಲ್ಲ. ಮನೆಯಲ್ಲಿ ಅವ್ವ ಜೋಳದ ನುಚ್ಚನ್ನು ಬೇಯಿಸಿ, ಅರೆದು, ತೆಳುವಾದ ಪಂಚೆಯ ತುಂಡಿನಲ್ಲಿ ಎರಡು ಬೆರಳಿನಿಂದ ಒತ್ತಿ ಒತ್ತಿ ಸೋಸಿ ನನಗೆ ಅಂಬಲಿ ಮಾಡುತ್ತಿದ್ದಳು. ಒಂದು ಸಣ್ಣ ಕಾಳು ಉಳಿದರೂ ಅದು ಗಂಟಲಲ್ಲಿ ಕಚ್ಚಿಕೊಂಡು, ನಾನು ಉಸಿರು ಕಟ್ಟಿ, ಮನೆಯವರೆಲ್ಲ ಎದ್ದು ನಿಲ್ಲುವಂತಾಗುತ್ತಿತ್ತು. ಹಾಗಾಗಿಯೇ ಮೊದಲು ನನ್ನ ಊಟ ಬೇರೆಯಾಯಿತು. ಎಲ್ಲರೂ ಉಣ್ಣುವಾಗ ನಾನು ನೋಡಿದರೆ ಅವರಿಗೆ ತುತ್ತು ಇಳಿಯುವುದಿಲ್ಲ, ನಾನು ಕುಡಿಯುವಾಗ ಅವರು ನೋಡಿದರೆ ನನಗೆ ಇಳಿಯುವುದಿಲ್ಲ. ಇದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಸಾಲಿಯಲ್ಲಿ ಮಧ್ಯಾಹ್ನದ ಬಿಸಿಯೂಟದ ಗಂಟೆಯಾದರೆ ನಾನು ಗ್ರೌಂಡಿನ ಆಚೆಯ ಬೇವಿನ ಗಿಡದ ಕೆಳಗೆ ಹೋಗಿ ಕೂರುತ್ತಿದ್ದೆ. ಮೊದಮೊದಲು ಗೆಳತಿಯರು ಬಂದು ಕರೆದರು, ಆಮೇಲೆ ಬಿಟ್ಟರು. ಎಲ್ಲಕ್ಕಿಂತ ಕಠಿಣ ನಾಗರ ಪಂಚಮಿ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿನ ಉಂಡಿ ಎಂದು ಓಣಿಯ ಹುಡುಗಿಯರೆಲ್ಲ ಕೈಯಲ್ಲಿ ಹಿಡಿದುಕೊಂಡೇ ಜೋಕಾಲಿ ಆಡುತ್ತಿದ್ದರು. ನನಗೆ ಹತ್ತು ವರ್ಷವಿದ್ದಾಗ ಒಂದು ಎಳ್ಳುಂಡಿ ಕದ್ದು, ಹಿತ್ತಲಲ್ಲಿ ಬೋರಲು ಹಾಕಿದ್ದ ಹಂಡೆಯ ಹಿಂದೆ ಕೂತು ಬಾಯಿಗಿಟ್ಟುಕೊಂಡೆ. ಅಗಿದೆ. ಬೆಲ್ಲದ ರಸ ಇಳಿಯಿತು. ಉಳಿದದ್ದನ್ನು ಅಂಗೈಗೆ ಉಗುಳಿ, ಮತ್ತೊಂದು ಕಚ್ಚು ಅಗಿದು, ಮತ್ತೆ ಉಗುಳಿದೆ. ಉಂಡಿ ಮುಗಿದಾಗ ಅಂಗೈಯಲ್ಲಿ ಬಿಳಿ ಎಳ್ಳಿನ ಮುದ್ದೆ ಇತ್ತು. ಅದನ್ನು ಮಣ್ಣಿನಲ್ಲಿ ಹುಗಿದು ಕೈ ತೊಳೆದುಕೊಂಡೆ. ಚಿಗವ್ವ ಇದ್ದಿದ್ದರೆ ಅದನ್ನು ಹಾಲಿನಲ್ಲಿ ಕರಗಿಸಿ ಸೋಸಿ ಕೊಡುತ್ತಿದ್ದಳೆಂದು ಅನಿಸಿತು. ಅವಳ ಮೇಲೆ ಸಿಟ್ಟೂ ಬಂತು. ಸುಟ್ಟವಳೂ ಅವಳೇ, ಬಿಟ್ಟು ಹೋದವಳೂ ಅವಳೇ.

ಹತ್ತನೆಯ ಇಯತ್ತೆಯಲ್ಲಿ ವಿಜ್ಞಾನದ ಸರ್ ಪ್ರತ್ಯಾಮ್ಲಗಳ ಪಾಠ ಮಾಡಿದರು. ಸುಣ್ಣದ ತಿಳಿನೀರಿನಲ್ಲಿ ಕೆಂಪು ಲಿಟ್ಮಸ್ ಕಾಗದ ಅದ್ದಿ ನೀಲಿ ಮಾಡಿ ತೋರಿಸಿದರು. ಆಮೇಲೆ ಅರಿಷಿಣ ಹಚ್ಚಿದ ಕಾಗದ ತೆಗೆದು ಅದರ ಮೇಲೆ ಸಬಕಾರದ ನೀರು ಹನಿಸಿದರು. ಕಾಗದ ಕೆಂಪಾಯಿತು, ಹುಡುಗಿಯರು "ಓ" ಎಂದರು. ನಾನು ಬೆಂಚು ಹಿಡಿದುಕೊಂಡೆ. ಸರ್ ಪುಸ್ತಕ ನೋಡಿ, ಪ್ರತ್ಯಾಮ್ಲಗಳು ಕಹಿ, ಮುಟ್ಟಿದರೆ ಜಾರು, ನೀರಿನಲ್ಲಿ ಕರಗುವ ಪ್ರತ್ಯಾಮ್ಲಕ್ಕೆ ಕ್ಷಾರ ಎನ್ನುತ್ತಾರೆ ಎಂದು ಬರೆಸಿದರು. "ರುಚಿ ಮಾತ್ರ ಯಾರೂ ನೋಡಾಕ ಹೋಗಬ್ಯಾಡ್ರಿ ಮತ್ತ" ಎಂದು ನಕ್ಕರು. ಹುಡುಗಿಯರು ನಗಲಿಲ್ಲ, ನನ್ನ ಕಡೆ ಹೊರಳಿ ನೋಡಿದರು. ಸರ್‌ಗೆ ನನ್ನ ಸಂಗತಿ ಗೊತ್ತಿತ್ತು. ಮರೆತು ಆಡಿದ ಮಾತಿಗೆ ಅವರ ಮುಖ ಸಣ್ಣದಾಯಿತು. ತಾಸು ಮುಗಿದ ಮೇಲೆ ನಾನೇ ಅವರ ಹತ್ತಿರ ಹೋದೆ.

"ಸರ್, ಆ್ಯಸಿಡ್ ಕುಡದವ್ರಿಗೂ ಹಿಂಗs ಆಗತೈತೇನ್ರಿ?"

"ಅದೂ ಸುಡತೈತವಾ. ಆದ್ರ ಆ್ಯಸಿಡ್ ಬಿದ್ದ ಜಾಗಾ ಹೆಪ್ಪುಗಟ್ಟಿ ಒಂದು ಪದರ ಆಗತೈತಿ, ಸ್ವಲ್ಪರ ತಡೀತೈತಿ. ಕ್ಷಾರ ಹಂಗ ನಿಂದರಂಗಿಲ್ಲ. ಮೈಯಾಗಿನ ಕೊಬ್ಬನ್ನ ಸಬಕಾರ ಮಾಡಿಕೋಂತ, ಕರಗಿಸಿಕೋಂತ ಒಳಗೊಳಗ ಇಳೀತೈತಿ."

"ಕುಡದ ಕೂಡ್ಲೆ ವಾಂತಿ ಮಾಡಿಸಿದ್ರ?"

"ಅದನ್ನ ಮಾತ್ರ ಮಾಡಿಸಬಾರದು. ಇಳಿವಾಗ ಸುಟ್ಟ ಹಾದಿನ, ಏರಿ ಬರುವಾಗ ಇನ್ನೊಮ್ಮೆ ಸುಡತೈತಿ. ಒಂದು ಸುಡೂದು ಎರಡಾಗತೈತಿ, ಮೂರಾಗತೈತಿ. ಬಾಯಿ ತೊಳಸಿ ಲಗೂನ ದವಾಖಾನಿಗೆ ಒಯ್ಯಬೇಕು... ಯಾಕ ಕೇಳಿದಿ?"

"ಏನಿಲ್ಲ ಸರ್."

ಮನೆಗೆ ಹೋದಾಗ ಅವ್ವ ಅಡಿಗೆ ಮನೆಯಲ್ಲಿ ಕೂತು ನನ್ನ ಅಂಬಲಿ ಸೋಸುತ್ತಿದ್ದಳು. ಆ ಎರಡು ಬೆರಳು ಬಟ್ಟೆಯ ಮೇಲೆ ಆಡುತ್ತಿದ್ದವು. ಎಂಟು ವರ್ಷ ದಿನಕ್ಕೆ ಮೂರು ಸಲ ಹೀಗೆ ಸೋಸಿ ಸೋಸಿ ಆ ಬೆರಳುಗಳ ತುದಿ ಬಿಳಿಚಿಕೊಂಡಿತ್ತು. ನಾನು ಬಾಗಿಲಲ್ಲಿ ನಿಂತುಕೊಂಡು ಅವನ್ನೇ ನೋಡಿದೆ. ಡಾಕ್ಟರಮ್ಮ ಬೈದದ್ದು, ಚಿಗವ್ವ "ನಾನ ಮಾಡಿಸೇನ್ರಿ" ಎಂದದ್ದು, ಜಗಳದ ದಿನ ಬಾಯಿ ತೆರೆದು ಮುಚ್ಚಿದ್ದು, ಎಲ್ಲ ಒಟ್ಟಿಗೇ ನೆನಪಾಯಿತು.

"ಯಾಕ ನಿಂತಿ? ಆರತೈತಿ, ಬಾ" ಎಂದಳು ಅವ್ವ.

ಕೂತು ಕುಡಿದೆ. ಆ ದಿನ ಅದು ಒಂದು ತಾಸಿಗೂ ಮುಗಿಯಲಿಲ್ಲ. ಈ ಮಾತನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರಿದ್ದಾರೆಂದು ಯೋಚಿಸಿದೆ. ಅಪ್ಪನಿಗೆ ಹೇಳಿದರೆ ಅವನು ಇನ್ನಷ್ಟು ಸುಮ್ಮನಾಗುತ್ತಾನೆ. ಅವ್ವನಿಗೆ ಹೇಳುವುದೆಂದರೆ ಆ ಬೆರಳಿನ ಸಂಗತಿ ಹೇಳಬೇಕು. ಮಂಜುವಿಗೆ ಎಂಟು ವರ್ಷ. ಪರೀಕ್ಷೆ ಮುಗಿಯುವ ತನಕ ನಾಲ್ಕೈದು ತಿಂಗಳು ಅದನ್ನು ಒಬ್ಬಳೇ ಇಟ್ಟುಕೊಂಡಿದ್ದೆ.

ಕೊನೆಯ ಪೇಪರು ಬರೆದ ಮರುದಿನ ಅಪ್ಪನನ್ನು ಕೇಳಿದೆ, ಚಿಗವ್ವನ ಮನಿ ಬ್ಯಾಡಗಿಯಾಗ ಎಲ್ಲೈತಿ ಅಂತ. ಅವನು ಲಾಳಿ ನಿಲ್ಲಿಸಿದ. ಅವ್ವ ಎಲ್ಲಿದ್ದಾಳೆಂದು ನೋಡಿ, ಕಂಡಿಕಿ ಸುತ್ತಿಡುವ ಕಾಗದದ ಮೇಲೆ ಓಣಿಯ ಹೆಸರು ಬರೆದುಕೊಟ್ಟ. ಅವನಿಗೆ ಅದು ಬಾಯಿಪಾಠವಿತ್ತು. ಒಬ್ಬಳೇ ಬಸ್ಸು ಹತ್ತಿದೆ. ಬ್ಯಾಡಗಿ ಹತ್ತಿರ ಬಂದಂತೆ ಗಾಳಿಯೇ ಬದಲಾಯಿತು. ಬಯಲು ಕಂಡಲ್ಲೆಲ್ಲ ಕೆಂಪು ಮೆಣಸಿನಕಾಯಿ ಹರವಿದ್ದರು. ಬಸ್ಸಿನಿಂದ ಇಳಿದಾಗ ಘಾಟು ಗಂಟಲಿಗೆ ಹತ್ತಿ ಕೆಮ್ಮು ಬಂತು, ಓಢಣಿಯನ್ನು ಮೂಗಿಗೆ ಕಟ್ಟಿಕೊಂಡು ಕೇಳುತ್ತ ಹೋದೆ. ಒಂದು ತಗಡಿನ ಮನೆಯ ಅಂಗಳದಲ್ಲಿ ಮೆಣಸಿನಕಾಯಿಯ ರಾಶಿ ಹಾಕಿಕೊಂಡು ಹೆಂಗಸೊಬ್ಬಳು ತುಂಬು ಬಿಡಿಸುತ್ತಿದ್ದಳು. ಕಾಯಿ ಹಿಡಿಯುವುದು, ತೊಟ್ಟು ಮುರಿಯುವುದು, ಒಂದು ಕಡೆ ಕಾಯಿ, ಒಂದು ಕಡೆ ತೊಟ್ಟು. ತಲೆ ಎತ್ತಿದಳು. ಕೂದಲು ನೆರೆತಿತ್ತು. ನನ್ನನ್ನು ಗುರುತಿಸಲು ಅವಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

"ನುಂಗಾಕ ಬರತೈತೇನು?" ಎಂದು ಕೇಳಿದಳು. ಎಂಟು ವರ್ಷದ ಮೇಲೆ ಅವಳಾಡಿದ ಮೊದಲ ಮಾತು ಅದು.

"ಮೆತ್ತಗಿದ್ರ ಬರತೈತಿ."

ಅವಳು ಮುಖ ಮುಚ್ಚಿಕೊಳ್ಳಲು ಕೈ ಎತ್ತಿದವಳು ಕೈಯಲ್ಲಿ ಖಾರವಿದೆಯೆಂದು ನೆನಪಾಗಿ ತಡೆದುಕೊಂಡಳು. ಆಮೇಲೆ ಸಬಕಾರ ಹಚ್ಚಿ ಮೊಣಕೈ ತನಕ ತೊಳೆದುಕೊಂಡು ಬಂದು ನನ್ನನ್ನು ಮುಟ್ಟಿದಳು. ಕಾಕಾ ಗೋದಾಮಿನಲ್ಲಿದ್ದ. ನಾವಿಬ್ಬರೇ ಒಳಗೆ ಕೂತೆವು. ನಾನು ಸುತ್ತು ಬಳಸದೆ ಕೇಳಿದೆ, ಡಾಕ್ಟರ ಮುಂದೆ ಸುಳ್ಳು ಯಾಕೆ ಹೇಳಿದೆ ಎಂದು.

"ಯಾರ ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲ. ನಾನ ಮಂಚದ ಮ್ಯಾಲೆ ಇದ್ದೆ. ಅದೇನಂತ ಈಗ ಸಾಲ್ಯಾಗ ಓದಿದೆ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ತಂಬಗಿ ಇಟ್ಟಾಕಿ ನಾನ ಅಲ್ಲೇನು. ಅದೇನ್ ಸುಳ್ಳಲ್ಲ. ಆಕಿ ಎಂಟು ತಿಂಗಳ ಬಸುರಿ. ನಿಮ್ಮ ಕೈಲೆ ನಿಮ್ಮ ಮಗಳಿಗೆ ಹೆಚ್ಚಾತು ಅಂತ ಆಕಿಗೆ ಹೆಂಗ ಹೇಳ್ಲಿ? ಹಡದ ಮ್ಯಾಲೆ ನಿಮ್ಮಪ್ಪನ ಮುಂದರ ಹೇಳಿದ್ರಾತು ಅಂದ್ಕೊಂಡೆ. ಹಡದ ಮ್ಯಾಲೆ ಬಾಣಂತಿ."

"ಹೊಟ್ಟಿಗೆ ಬೆಂಕಿ ಬಿದ್ದಿತ್ತು ಅಂದಾಗರ ಹೇಳಬಹುದಿತ್ತು."

"ಬಾಯಿಗೆ ಬಂದಿತ್ತು ಸುವ್ವಿ. ಆಕಿ ತೊಡಿ ಮ್ಯಾಲೆ ಕೂಸು ಹಾಲು ಕುಡ್ಯಾಕತ್ತಿತ್ತು. ಎದಿ ಹಾಲು ಬತ್ತಿಗಿತ್ತೀತು ಅನಿಸ್ತು." ಆಮೇಲೆ ಅವಳ ದನಿ ಬದಲಾಯಿತು. "ನಾ ಏನ್ ದೇವ್ರಲ್ಲ ಮತ್ತ. ಇಲ್ಲಿ ಬಂದ ಮ್ಯಾಲೆ ಎರಡ ವರ್ಷ ದಿನಾ ಬೈದೇನಿ ಆಕಿಗೆ, ಈ ರಾಶಿ ಮುಂದ ಕುಂತು. ಒಂದಿನ ಹೇಳೇ ಬರ್ತೇನಿ ಅಂತ ಸೀರಿ ಉಟ್ಗೊಂಡು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಬಸ್ಸು ಬಂತು. ಹತ್ತಲಿಲ್ಲ."

"ಯಾಕ?"

"ನಿನಗ ಗಂಜಿ ಕಾಸಾಕ ಆಕಿ ಒಬ್ಬಾಕಿನs ಉಳದಿದ್ಲು. ಆಕಿ ಕೈ ನಡುಗಿದ್ರ ನೀ ಏನ್ ಕುಡೀತಿದ್ದಿ?"

ಮಧ್ಯಾಹ್ನ ಅವಳು ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕಿ, ಕೈಯಿಂದ ಕಿವುಚಿ ಬಟ್ಟಲಲ್ಲಿ ಕೊಟ್ಟಳು. ತನಗೂ ತಾಟು ಹಾಕಿಕೊಂಡು ನನ್ನೆದುರಿಗೇ ಕೂತಳು. ರೊಟ್ಟಿ, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ. ಅವಳು ಸದ್ದು ಮಾಡುತ್ತ ಉಂಡಳು. ನಾನು ನಿಧಾನಕ್ಕೆ ನುಂಗಿದೆ. ಅವಳು ಕಾಯುತ್ತಿದ್ದಾಳೆಂದು ನನಗೆ ಅನಿಸಲಿಲ್ಲ, ನನ್ನ ಬಟ್ಟಲು ಮುಗಿಯುವ ತನಕ ತಾಟಿನಲ್ಲಿ ಕೈ ಆಡಿಸುತ್ತ ಓಣಿಯ ಸುದ್ದಿ ಕೇಳುತ್ತಲೇ ಇದ್ದಳು. ಹೊರಡುವಾಗ, "ಹೇಳಬ್ಯಾಡ ಆಕಿ ಮುಂದ" ಎಂದಳು. ಹೂಂ ಎಂದೆ.

ಬ್ಯಾಡಗಿಗೆ ಹೋಗಿ ಬಂದದ್ದನ್ನು ಮಾತ್ರ ನಾನು ಮುಚ್ಚಿಡಲಿಲ್ಲ. ಅವ್ವನ ರಾಟಿ ನಿಂತಿತು.

"ಏನಂದ್ಲು?"

"ನುಂಗಾಕ ಬರತೈತೇನು ಅಂತ ಕೇಳಿದ್ಲು."

"ಮತ್ತ?"

"ಮತ್ತೇನಿಲ್ಲ. ಊಟಕ್ಕ ಹಾಕಿದ್ಲು."

ಅವ್ವ ಮತ್ತೆ ರಾಟಿ ತಿರುವಿದಳು. ಎಳೆ ಎರಡು ಸಲ ಹರಿಯಿತು. ಮೂರನೆಯ ದಿನ ಬೆಳಿಗ್ಗೆ ನನ್ನ ಅಂಬಲಿ ಸೋಸಿಟ್ಟು, ಟ್ರಂಕಿನೊಳಗಿನ ಸೀರೆ ಉಟ್ಟುಕೊಂಡು, ಎಲ್ಲಿಗೆಂದು ಹೇಳದೆ ಹೊರಟಳು. ಅಪ್ಪ ಕೇಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಂದಳು. ಎರಡೂ ಅಂಗೈ ಕೆಂಪಗೆ ಊದಿದ್ದವು. ಬೆರಳು ಮಡಚಲು ಬರುತ್ತಿರಲಿಲ್ಲ. ನಾನು ಮಜ್ಜಿಗೆ ತಂದು ಅದರಲ್ಲಿ ಅವಳ ಕೈ ಅದ್ದಿ ಹಿಡಿದೆ.

"ಏನಾತವ್ವ ಇದು?"

"ತುಂಬು ಬಿಡಿಸಿದೆ. ಆಕಿ ಕುಂತಿದ್ಲು. ನಾನೂ ಬಾಜೂ ಹೋಗಿ ಕುಂತೆ."

"ಮಾತಾಡಿದ್ರೇನು?"

"ಮಧ್ಯಾಹ್ನತನಕ ಇಲ್ಲ. ಆಮ್ಯಾಲೆ ಆಕಿ, ವೈನಿ ನಿಮಗ ರೂಢಿ ಇಲ್ಲ, ಕೈ ಉರೀತಾವು, ಬಿಡ್ರಿ ಅಂದ್ಲು. ಉರೀಲಿ ಅಂದೆ."

ವಾಂತಿಯ ಸಂಗತಿಯನ್ನು ಚಿಗವ್ವ ಅವ್ವನಿಗೆ ಹೇಳಿದಳೋ, ಅವಳಿಗೆ ಮೊದಲೇ ಎಲ್ಲಿಂದಲೋ ಗೊತ್ತಿತ್ತೋ, ಇಂದಿಗೂ ನನಗೆ ತಿಳಿದಿಲ್ಲ. ಈಗ ನಾನು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಇದೇ ಪಾಠ ಮಾಡುತ್ತೇನೆ. ವಾಂತಿ ಮಾಡಿಸಬಾರದು ಎಂಬುದನ್ನು ಪುಸ್ತಕದಲ್ಲಿ ಇಲ್ಲದಿದ್ದರೂ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಸುತ್ತೇನೆ. ಅವ್ವನನ್ನು ಮಾತ್ರ ಕೇಳಿಲ್ಲ. ಕಾಕಾ ಚಿಗವ್ವ ಆ ಮನೆಗೆ ವಾಸಕ್ಕೆ ಮರಳಲಿಲ್ಲ, ಹಬ್ಬಕ್ಕೆ ಬಂದು ಹೋಗುವಂತಾದರು.

ಅವ್ವ ಬ್ಯಾಡಗಿಯಿಂದ ಬಂದ ಆ ಸಂಜೆ ರೊಟ್ಟಿ ನಾನೇ ಬಡಿದೆ. ಮೊದಲ ಸಲ ಬಡಿದ ರೊಟ್ಟಿ, ಒಂದೂ ದುಂಡಗಾಗಲಿಲ್ಲ. ಅಪ್ಪನಿಗೆ, ಮಂಜುವಿಗೆ ಹಾಕಿಕೊಟ್ಟೆ. ಅವ್ವ ಊದಿದ ಕೈಯನ್ನು ಮಜ್ಜಿಗೆಯ ಪಾತ್ರೆಯಲ್ಲೇ ಇಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು, ಹಸಿವಿಲ್ಲ ಎಂದಳು. ನಾನು ತಾಟು ತೆಗೆದುಕೊಂಡು ಅವಳ ಮುಂದೆ ಕೂತು, ರೊಟ್ಟಿ ಮುರಿದು, ಪಲ್ಯ ಹಚ್ಚಿ ಅವಳ ಬಾಯಿಯ ಹತ್ತಿರ ಹಿಡಿದೆ. ಅವಳು ನನ್ನ ಮುಖ ನೋಡಿದಳು. ಬಾಯಿ ತೆರೆದಳು. ಅಗಿಯಲು ಬಹಳ ಹೊತ್ತು ತೆಗೆದುಕೊಂಡಳು. ಅದು ಇಳಿಯುವ ತನಕ ಕಾದು, ಇನ್ನೊಂದು ತುತ್ತು ಮುರಿದೆ.